ಮುಳ್ಳಯ್ಯನಗಿರಿ ದಾರಿಯಲ್ಲಿ ಆರು ಆಂಪ್ಸು

ಬೆರಳು ಮರಗಟ್ಟುವುದು ನನಗೆ ಚಿಕ್ಕಂದಿನಿಂದಲೂ ಇರುವ ತೊಂದರೆ. ಸ್ವಲ್ಪ ಚಳಿ ಬಿದ್ದರೂ ತುದಿಗಳು ಬೆಳ್ಳಗಾಗಿ ಸೂಜಿ ಚುಚ್ಚಿದ ಹಾಗಾಗುತ್ತದೆ. ಬೈಕ್ ಓಡಿಸುವವರಿಗೆ ಇದು ಸುಮ್ನೆ ಸಹಿಸಿಕೊಳ್ಳುವ ವಿಷಯವಲ್ಲ. ಬೆರಳು ಜೋಮು ಹಿಡಿದರೆ ಬ್ರೇಕ್ ಎಷ್ಟು ಒತ್ತಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಈ ಜನವರಿಯಲ್ಲಿ ಚಿಕ್ಕಮಗಳೂರಿಗೆ ಹೊರಡುವಾಗ ಕರೆಂಟಿನಿಂದ ಬಿಸಿಯಾಗುವ ಜಾಕೆಟ್ ಹಾಕಿಕೊಂಡು ಹೊರಟೆ.

ಹೋದ ವರ್ಷ ತಗೊಂಡಿದ್ದು ಪವರ್ ಬ್ಯಾಂಕ್ ಚುಚ್ಚುವ ಜಾಕೆಟ್. ಅದರ ಮೇಲೆ ನನಗೆ ಇನ್ನೂ ಸಿಟ್ಟಿದೆ. 5 ವೋಲ್ಟು, 2 ಆಂಪ್ಸು (ಹರಿಯುವ ಕರೆಂಟಿನ ಅಳತೆ) ಅಂದರೆ ಒಟ್ಟು 10 ವ್ಯಾಟ್. ಬೆಳಗಿನ ವಾಕಿಂಗ್‌ಗೆ ಪರವಾಗಿಲ್ಲ. ಬೈಕ್ ಮೇಲೆ ಕೂತು 60ರಲ್ಲಿ ಹೋದರೆ ಬೆನ್ನಿಗೆ ಯಾರೋ ಬೆಚ್ಚಗಿನ ಲೋಟ ಒತ್ತಿದ ಹಾಗೆ, ಅಷ್ಟೇ. ಹೊರಗೆ 10 ಡಿಗ್ರಿ ಇದ್ದರೆ ಆ ವೇಗದ ಗಾಳಿಯಲ್ಲಿ ಮೈಗೆ ತಟ್ಟುವುದು 5 ಡಿಗ್ರಿಯ ಚಳಿ. ಅದಕ್ಕೆ 10 ವ್ಯಾಟ್ ಯಾವ ಮೂಲೆಗೂ ಸಾಲದು. ಹಾಗಾಗಿ ಈ ಸಲ ಬೈಕಿನ ಬ್ಯಾಟರಿಯಿಂದಲೇ ಓಡುವ 12 ವೋಲ್ಟಿನ ಜಾಕೆಟ್ ಕೊಂಡೆ. ರೈಡಿಂಗ್ ಜಾಕೆಟ್ ಒಳಗೆ ಹಾಕುವಂಥದ್ದು. ಎದೆ, ಬೆನ್ನು, ತೋಳು, ಕಾಲರ್‌ಗಳಲ್ಲಿ ಸಣ್ಣ ತಂತಿ ಹೆಣೆದಿರುತ್ತಾರೆ. ಪೂರ್ತಿ ಜೋರಿಗಿಟ್ಟರೆ 77 ವ್ಯಾಟ್. ಜೊತೆಗೊಂದು ಜೊತೆ ಗ್ಲೌಸು, ಅದು 27 ವ್ಯಾಟ್. ಬೆಂಗಳೂರಿನ ಒಂದು ಅಂಗಡಿಯಲ್ಲಿ ವೈರ್ ಕೂಡ ಹಾಕಿಸಿದೆ. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿಕೊಟ್ಟರು. ಆ ಹತ್ತು ನಿಮಿಷವೇ ಮುಂದೆ ನನ್ನನ್ನು ಆಟ ಆಡಿಸಿತು.

ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಎಲ್ಲ ಕತ್ತಲಲ್ಲೇ ಕಳೆದುಹೋಯಿತು. ಹಾಸನದಲ್ಲಿ ಅಕ್ಕಿ ರೊಟ್ಟಿ ತಿಂದೆ, ಚೆನ್ನಾಗಿತ್ತು. ಬೇಲೂರಿನಲ್ಲಿ ಚಿಕ್ಕಮ್ಮನ ಮನೆ. ಒಂದು ದಿನ ಅಲ್ಲೇ ಉಳಿದೆ. ದೇವಸ್ಥಾನಕ್ಕೂ ಹೋಗಿದ್ದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದದ್ದು ಮಾರನೆಯ ಬೆಳಗಿನ ವಿಷಯ.

ಐದಕ್ಕೆ ಬೇಲೂರು ಬಿಟ್ಟೆ. ಯಗಚಿ ಸೇತುವೆ ಮೇಲೆ ಮಂಜು ಎಷ್ಟಿತ್ತೆಂದರೆ ಹೆಲ್ಮೆಟ್ಟಿನ ಗಾಜನ್ನು ಪದೇ ಪದೇ ಒರೆಸಬೇಕಾಯಿತು. ಚಿಕ್ಕಮಗಳೂರು ದಾಟಿ ಕೈಮರದ ಚೆಕ್‌ಪೋಸ್ಟ್‌ನಿಂದ ಏರು ಶುರು. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಸಾಲು. ಊರೇ ಸಾವಿರ ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿ 1,900 ಮೀಟರ್ ದಾಟುತ್ತದೆ, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅನ್ನುವುದು ಲೆಕ್ಕ. ಕೆಳಗೆ ಬೆಚ್ಚಗೆ ಬಂದವರಿಗೂ ಕಾಡು ಮುಗಿದು ಬೋಳು ಹುಲ್ಲುಗುಡ್ಡ ಶುರುವಾಗುವ ತಿರುವಿನಲ್ಲಿ ಗಾಳಿ ರಪ್ಪನೆ ಬಡಿಯುತ್ತದೆ.

ಜಾಕೆಟ್ಟಿನ ಬಟನ್ ಕೆಂಪಿಗಿಟ್ಟೆ. ಎಲ್ಲಕ್ಕಿಂತ ಜೋರು ಅದೇ. ಆದರೂ ಎದೆ ಮೇಲೆ ತಣ್ಣಗೆ. ಬಿಸಿ ಬಂದ ಹಾಗಾಗುತ್ತದೆ, ಹೋಗಿಬಿಡುತ್ತದೆ. ಗ್ಲೌಸಿನದೂ ಅದೇ ಕಥೆ. ಗಂಡಸರ ಅಳತೆಯ ಗ್ಲೌಸು, ನನ್ನ ಬೆರಳಿನ ಮುಂದೆ ಅರ್ಧ ಇಂಚು ಖಾಲಿ. ತಂತಿ ಬಿಸಿ ಮಾಡುತ್ತಿದ್ದದ್ದು ಆ ಖಾಲಿ ಜಾಗವನ್ನು.

ಸೀತಾಳಯ್ಯನಗಿರಿ ಹತ್ತಿರ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿದೆ, ಪ್ಲಗ್ ಮಾತ್ರ ಕೀಳಲಿಲ್ಲ. ಬೈಕ್ ಮೇಲೆ ಕೂತೇ ಸೂರ್ಯ ಹುಟ್ಟುವುದನ್ನು ನೋಡಿದೆ. ಕಣಿವೆ ತುಂಬ ಮೋಡ, ಅದರ ಮೇಲೆ ಗುಡ್ಡದ ತಲೆಗಳು ಮಾತ್ರ. ಅರ್ಧ ಗಂಟೆ ಅಲ್ಲಾಡಲಿಲ್ಲ. ಆಮೇಲೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂತ ಸದ್ದು, ಅಷ್ಟೇ. ನನ್ನ ಬೈಕಿಗೆ ಕಿಕ್ಕರ್ ಇಲ್ಲ. ದಾವಣಗೆರೆಯಿಂದ ಬಂದಿದ್ದ ಹುಡುಗರು ನಾಲ್ಕು ಜನ ತಳ್ಳಿದರು. ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಮೂರನೇ ಸಲಕ್ಕೆ ಹೊತ್ತಿಕೊಂಡಿತು. ಮುಳ್ಳಯ್ಯನ ಮೆಟ್ಟಿಲು ಹತ್ತುವ ಯೋಚನೆ ಬಿಟ್ಟು, ಎಂಜಿನ್ ಆಫ್ ಮಾಡದೆ ಊರಿಗಿಳಿದೆ.

ಊರಲ್ಲಿ ಕೇಳಿದ ಮೊದಲ ಆಟೋದವರೇ ಒಂದು ಎಲೆಕ್ಟ್ರಿಷಿಯನ್ ಅಂಗಡಿ ತೋರಿಸಿದರು. ಒಳಗೆ ಎಪ್ಪತ್ತರ ಹತ್ತಿರದ ಒಬ್ಬರು, ಹೆಗಲ ಮೇಲೆ ಕರಿ ಕಂಬಳಿ, ಜೀಪಿನ ಸೆಲ್ಫ್ ಮೋಟರ್ ಬಿಚ್ಚಿಕೊಂಡು ಕೂತಿದ್ದರು. ನನ್ನ ಬೈಕಿಗಿಂತ ಮೊದಲು ಅವರ ಕಣ್ಣು ಹೋದದ್ದು ನನ್ನ ಸೊಂಟದಿಂದ ಇಳಿಬಿದ್ದಿದ್ದ ವೈರಿನ ಮೇಲೆ.

“ಏನಮ್ಮಾ ಇದು?”

“ಬಿಸಿ ಜಾಕೆಟ್ಟು ಯಜಮಾನ್ರೇ. ಬ್ಯಾಟರಿಯಿಂದ ಓಡುತ್ತೆ.”

“ಎಷ್ಟು ಆಂಪ್ಸು?”

ಇಷ್ಟು ದುಡ್ಡು ಕೊಟ್ಟು ತಗೊಂಡ ವಸ್ತುವಿನ ಬಗ್ಗೆ ಯಾರೂ ನನ್ನನ್ನು ಕೇಳಿರದ ಪ್ರಶ್ನೆ. ಅಂಗಡಿಯವರು ಬಣ್ಣ ಕೇಳಿದ್ದರು, ಸೈಜು ಕೇಳಿದ್ದರು. ವ್ಯಾಟ್ ಹೇಳಿದೆ. ಹನ್ನೆರಡು ವೋಲ್ಟಿನಿಂದ ಬಾಯಲ್ಲೇ ಭಾಗಿಸಿದರು.

“ಆರೂ ಚಿಲ್ರೆ. ಗ್ಲೌಸು ಸೇರಿದ್ರೆ ಒಂಬತ್ತರ ಹತ್ರ. ಇನ್ನೊಂದು ಹೆಡ್‌ಲೈಟು ಮೈಮೇಲೆ ಹಾಕ್ಕೊಂಡ ಹಾಗಾಯ್ತಲ್ಲಮ್ಮ! ಈಗಿನ ಗಾಡೀಲಿ ಹೆಡ್‌ಲೈಟ್ ಆಫ್ ಮಾಡಕ್ಕೂ ಆಗಲ್ಲ.”

ನಿಜ. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಅವರು ಮೀಟರ್ ತಂದು ಬ್ಯಾಟರಿಗೆ ಹಿಡಿದರು. 11.9 ವೋಲ್ಟು. ಚೆನ್ನಾಗಿರುವ ಬ್ಯಾಟರಿ ಸುಮ್ನೆ ನಿಂತಾಗ 12.6ರ ಹತ್ತಿರ ಇರಬೇಕು. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿಸಿದರು. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, 13.2. ಜಾಕೆಟ್ ಪ್ಲಗ್ ಹಾಕಿ ಕೆಂಪಿಗಿಡಲು ಹೇಳಿದರು. ಮುಳ್ಳು ಇಳಿಯುತ್ತಾ 12.3ಕ್ಕೆ ಬಂತು.

“ನೋಡಿ, ಎಂಜಿನ್ ತಿರುಗುವಾಗ ಕರೆಂಟ್ ಮಾಡೋ ಮ್ಯಾಗ್ನೆಟ್ ಕಾಯಿಲ್ ಕೊಡೋದು ಕಮ್ಮಿ, ನೀವು ಎಳೆಯೋದು ಜಾಸ್ತಿ. ಬಾಕಿ ಬ್ಯಾಟರಿಯಿಂದ ಹೋಗ್ತಿದೆ. ಘಾಟೀಲಿ ಎಂಜಿನ್ ಜಾಸ್ತಿ ತಿರುಗಿಸದೆ ನಿಧಾನಕ್ಕೆ ಹತ್ತಿದ್ರಿ ಅಲ್ವಾ? ಮೇಲೆ ಹೋಗಿ ಎಂಜಿನ್ ನಿಲ್ಸಿ ಅರ್ಧ ಗಂಟೆ ಕೂತ್ರಿ. ಜಾಕೆಟ್ಟಿಗೇ ಮೂರು ಆಂಪಿಯರ್ ಅವರ್ ಅಲ್ಲೇ ಹೋಯ್ತು. ನಿಮ್ದು ಒಟ್ಟು ಎಂಟು ಆಂಪಿಯರ್ ಅವರ್ ಹಿಡಿಯೋ ಬ್ಯಾಟರಿ.”

ಸೀಟು ಬಿಚ್ಚಿದಾಗ ಅವರ ಮುಖ ಗಂಟಾಯಿತು. ವೈರನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರು, ಫ್ಯೂಸೇ ಇರಲಿಲ್ಲ. ಫ್ರೇಮಿಗೆ ತಾಗುವ ಕಡೆ ವೈರಿನ ಮೈ ಸವೆದು ತಾಮ್ರ ಕಾಣುತ್ತಿತ್ತು. “ಇದು ಶಾರ್ಟ್ ಆಗಿದ್ರೆ ನೀವು ಪೆಟ್ರೋಲ್ ಟ್ಯಾಂಕ್ ಹಿಂದೆ ಕೂತಿದ್ರಿ” ಅಂದರು. ಅಷ್ಟೇ ಅಂದದ್ದು. ನನ್ನ ಕೈ ನಡುಗಿತು, ಚಳಿಗಲ್ಲ. ದಯವಿಟ್ಟು ಹೇಳುತ್ತಿದ್ದೇನೆ, ಇಂಥ ಜಾಕೆಟ್ ಹಾಕಿಸುವವರು ಸೀಟು ಮುಚ್ಚುವ ಮೊದಲು ಫ್ಯೂಸ್ ಎಲ್ಲಿದೆ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ದುಡ್ಡು ಕೊಡಬೇಡಿ.

ಅವರು ಹಳೇ ವೈರ್ ಕಿತ್ತು ದಪ್ಪನೆಯ ಹೊಸದು ಎಳೆದರು. ಬ್ಯಾಟರಿ ಪಕ್ಕದಲ್ಲೇ 10 ಆಂಪ್ಸಿನ ಫ್ಯೂಸ್. ಕೀ ಆಫ್ ಮಾಡಿದರೆ ಜಾಕೆಟ್ಟೂ ಆಫ್ ಆಗುವ ಹಾಗೆ ರಿಲೇ. ಹ್ಯಾಂಡಲ್ ಮೇಲೆ ಒಂದು ಪುಟ್ಟ ವೋಲ್ಟ್‌ಮೀಟರ್. ಕೆಲಸ ಮಾಡುತ್ತಲೇ ನನ್ನ ಹೊರಗಿನ ಜಾಕೆಟ್ ಮುಟ್ಟಿ ನೋಡಿದರು. ಅದು ಬೇಸಿಗೆಗೆ ಕೊಂಡ ಜಾಲರಿ ಬಟ್ಟೆಯದು, ಗಾಳಿಯಾಡಲೆಂದೇ ಮಾಡಿದ್ದು.

“ಕಿಟಕಿ ಬಾಗಿಲು ತೆಗೆದಿಟ್ಟು ಒಲೆ ಹಚ್ಚಿದ್ದೀರಿ” ಅಂದರು. “ನಮ್ಮಪ್ಪ ತೋಟದ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕ್ಕೊಂಡು ಹೋಗೋರು. ಅದರಲ್ಲಿ ಯಾವ ಕರೆಂಟಿತ್ತು? ಗಾಳಿ ಒಳಗೆ ನುಗ್ತಿರಲಿಲ್ಲ, ಅಷ್ಟೇ.”

“ಹಾಗಾದ್ರೆ ಈ ಜಾಕೆಟ್ಟು ಬೇಡವಾ?”

“ಬೇಡ ಅಂದೋರ್ಯಾರು? ಚೆನ್ನಾಗಿದೆ. ಮೇಲೊಂದು ರೈನ್‌ಕೋಟ್ ಹಾಕಿ. ಗ್ಲೌಸಿಂದು ಕಿತ್ತಾಕಿ. ಎದೆ ಬೆಚ್ಚಗಿದ್ರೆ ರಕ್ತ ತಾನಾಗೇ ಬೆರಳಿಗೆ ಹೋಗುತ್ತೆ.”

ಈ ಕೊನೆಯ ಮಾತು ನಂಬಲು ನನಗೆ ಕಷ್ಟವಾಯಿತು. ಇಷ್ಟು ವರ್ಷ ನಾನು ಬೆರಳನ್ನೇ ಬಿಸಿ ಮಾಡಲು ಒದ್ದಾಡಿದವಳು. ಆಮೇಲೆ ಯೋಚಿಸಿದರೆ ಸರಿಯೇ. ಮೈ ತಣ್ಣಗಾದಾಗ ದೇಹ ಎದೆ, ಹೊಟ್ಟೆಯ ಶಾಖ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳಿಗೆ ಬರುವ ಬಿಸಿ ರಕ್ತವೇ ಕಡಿಮೆಯಾದರೆ ಗ್ಲೌಸು ಎಷ್ಟು ಹೋರಾಡೀತು?

ಎಂ.ಜಿ. ರಸ್ತೆಯಲ್ಲಿ ರೈನ್‌ಕೋಟ್ ಕೊಂಡೆ. ನನ್ನ ಕೈಗೆ ಬಿಗಿಯಾಗಿ ಕೂರುವ, ಯಾವ ತಂತಿಯೂ ಇಲ್ಲದ ಗ್ಲೌಸು ಒಂದು ಜೊತೆ. ಒಳಗೆ ಒಂದು ತೆಳು ಹತ್ತಿ ಅಂಗಿ, ಬಿಸಿ ತಂತಿ ಗಂಟೆಗಟ್ಟಲೆ ಚರ್ಮಕ್ಕೇ ಒತ್ತಿದರೆ ಸುಡುತ್ತದೆ. ದುಡ್ಡು ಕೊಡಲು ಹೋದಾಗ ಯಜಮಾನರು ಸಾಮಾನಿನ ಬೆಲೆಯ ಮೇಲೆ ತೀರ ಕಡಿಮೆ ಕೂಲಿ ತಗೊಂಡರು. ಜಾಸ್ತಿ ಕೊಟ್ಟರೆ ಒಪ್ಪಲಿಲ್ಲ. “ನಾಳೆ ಮೇಲೆ ಹೋಗ್ತೀರಲ್ಲ, ತಿರುವಲ್ಲಿ ಮೀಟರ್ ಎಷ್ಟು ತೋರಿಸ್ತು ಅಂತ ಬಂದು ಹೇಳಿ” ಅಂದರು.

ಮಾರನೆಯ ಬೆಳಿಗ್ಗೆ ಅದೇ ದಾರಿ, ಅದೇ ಗಾಳಿ. ಬಟನ್ ಕೆಂಪಲ್ಲಿ ಐದು ನಿಮಿಷವೂ ಇಡಲಾಗಲಿಲ್ಲ, ಬೆವರು ಬಂತು. ಹಸಿರಿಗಿಳಿಸಿದೆ, ಎಲ್ಲಕ್ಕಿಂತ ಕಡಿಮೆ ಅದು. ಬೋಳುಗುಡ್ಡದ ತಿರುವಿನಲ್ಲಿ ಗಾಳಿ ಬಡಿಯಿತು, ರೈನ್‌ಕೋಟ್ ಪಟಪಟ ಅಂದಿತು, ಒಳಗೆ ಏನೂ ಆಗಲಿಲ್ಲ. ಬೆರಳು ಮಡಿಸಿ ನೋಡಿದೆ. ಹತ್ತೂ ನನ್ನವೇ ಆಗಿದ್ದವು. ಮುಳ್ಳಯ್ಯನ ಮೆಟ್ಟಿಲು ಹತ್ತಿ, ಗುಡಿಯ ಗೋಡೆಗೆ ಒರಗಿ, ಗ್ಲೌಸು ತೆಗೆದು ಕೈ ನೋಡಿಕೊಂಡೆ. ತುದಿಗಳು ಕೆಂಪಗಿದ್ದವು. ಆ ಎತ್ತರದಲ್ಲಿ, ಆ ಹೊತ್ತಿನಲ್ಲಿ ನನ್ನ ಬೆರಳನ್ನು ಆ ಬಣ್ಣದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

ವಾಪಸ್ ಬಂದಾಗ ಭಾನುವಾರ ಮಧ್ಯಾಹ್ನ, ಅಂಗಡಿಯ ಶಟರ್ ಎಳೆದಿತ್ತು. ಪೆಟ್ರೋಲ್ ರಸೀದಿಯ ಹಿಂದೆ “ತಿರುವಿನಲ್ಲಿ 13.4, ಹಸಿರು ಬಟನ್” ಅಂತ ಬರೆದು ಶಟರ್ ಕೆಳಗೆ ತಳ್ಳಿ ಬೇಲೂರಿನ ದಾರಿ ಹಿಡಿದೆ.