ಹೊಳೆ ಮೂವತ್ತಾರು ಕಿಲೋಮೀಟರ್ ಓಡಿದ ದಿನ

ನಮ್ಮ ಪ್ರೌಢಶಾಲೆಯ ಜಗಲಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಎರಡು ಗಾದೆಗಳಿದ್ದವು: ‘ಬೆಳೆಯುವ ಸಿರಿ ಮೊಳಕೆಯಲ್ಲಿ’, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಮೊದಲನೆಯದನ್ನು ನನ್ನನ್ನು ಕುರಿತೇ ಬರೆಸಿದ್ದಾರೆ ಎಂದು ಬಹಳ ದಿನ ಒಳಗೊಳಗೇ ನಂಬಿದ್ದೆ. ಚಿಕ್ಕಂದಿನಿಂದ ಎಲ್ಲರ ಬಾಯಲ್ಲೂ ‘ಜಾಣೆ’ ಎನಿಸಿಕೊಂಡವಳು. ಆ ಹೆಸರನ್ನು ಉಳಿಸಿಕೊಳ್ಳುವ ಉಪಾಯವೂ ತಿಳಿದಿತ್ತು: ಉತ್ತರ ಖಚಿತವಿದ್ದರೆ ಮಾತ್ರ ಕೈ ಎತ್ತುವುದು, ಕಷ್ಟದ ಲೆಕ್ಕ ಬಂದರೆ ತಲೆ ತಗ್ಗಿಸಿ ಪೆನ್ನಿಗೆ ಶಾಯಿ ತುಂಬುವುದು.

ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಬಂದ ಮೇಷ್ಟರಿಗೆ ಈ ಶಾಯಿಯ ಆಟ ಒಂದೇ ವಾರದಲ್ಲಿ ತಿಳಿಯಿತು. ವರ್ಗಸಮೀಕರಣದ ಪಾಠ. ನಿಂತ ನೀರಿನಲ್ಲಿ ಗಂಟೆಗೆ 12 ಕಿ.ಮೀ. ಹೋಗುವ ದೋಣಿಗೆ, 16 ಕಿ.ಮೀ. ದೂರವನ್ನು ಪ್ರವಾಹಕ್ಕೆ ಎದುರಾಗಿ ಸಾಗಲು ಪ್ರವಾಹದೊಡನೆ ಸಾಗುವುದಕ್ಕಿಂತ ಒಂದು ಗಂಟೆ ಹೆಚ್ಚು ಬೇಕು. ಪ್ರವಾಹದ ವೇಗ ಎಷ್ಟು? ‘ಬಾರಮ್ಮ, ಬೋರ್ಡಿಗೆ’ ಎಂದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಬರೆದೆ, ಬಿಡಿಸಿದೆ, ಕೊನೆಗೆ 36 ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ.

ಮೇಷ್ಟರು ಕಿಟಕಿಯಾಚೆ ನೋಡಿದರು. ತೀರ್ಥಹಳ್ಳಿಯವರಿಗೆ ತುಂಗೆಯನ್ನು ಪರಿಚಯಿಸಬೇಕಿಲ್ಲ. ‘ಹೊಳೆ ಮೂವತ್ತಾರರಲ್ಲಿ ಓಡಿದರೆ ಹನ್ನೆರಡರ ದೋಣಿ ಎದುರು ಹೋಗುವುದಿರಲಿ, ನಿಂತಲ್ಲಿ ನಿಲ್ಲುತ್ತದೆಯೇ?’ ತರಗತಿ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಅವರು ಬೋರ್ಡು ಒರೆಸಲಿಲ್ಲ. ಕೆಳಗಿನಿಂದ ಒಂದೊಂದೇ ಸಾಲು ಹತ್ತುತ್ತಾ ಹೋಗಿ ಎರಡನೆಯ ಸಾಲಿಗೆ ಹಸಿರು ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕಿದರು. ಹೆಚ್ಚಿನ ಸಮಯದಿಂದ ಕಡಿಮೆಯದನ್ನು ಕಳೆಯುವ ಬದಲು ನಾನು ತಿರುಗಾಮುರುಗಾ ಮಾಡಿದ್ದೆ. ‘ಇಲ್ಲಿಯವರೆಗೆ ಸರಿ ಇದೆ. ಇಲ್ಲಿಂದ ಮತ್ತೆ ಶುರುಮಾಡು.’ ಉತ್ತರ 4 ಬಂತು.

ಅಂದಿನಿಂದ ನೋಟ್ ಪುಸ್ತಕಗಳಲ್ಲಿಯೂ ಅದೇ ಸುತ್ತು. ಅಡ್ಡಗೆರೆ ಇಲ್ಲ, ಸೊನ್ನೆ ಇಲ್ಲ. ಎಡಪುಟದಲ್ಲಿ ಸುತ್ತು ಬಿದ್ದ ಸಾಲಿನಿಂದ ಲೆಕ್ಕವನ್ನು ಮತ್ತೆ ಬಿಡಿಸಬೇಕು. ಮೇಷ್ಟರೇನೂ ಸಾಧುವಲ್ಲ. ಮುಂಗೋಪಿ, ಸೀಮೆಸುಣ್ಣ ಎಸೆಯುವುದರಲ್ಲಿ ಅವರ ಗುರಿ ತಪ್ಪಿದ್ದು ಕಡಿಮೆ. ‘ಕಷ್ಟಪಟ್ಟರೆ ಎಲ್ಲ ಬರುತ್ತದೆ’ ಎಂಬ ಮಾತನ್ನೂ ಅವರು ಆಡಿದವರಲ್ಲ. ಕೊನೆಯ ಬೆಂಚಿನ ಗೆಳತಿಯೊಬ್ಬಳು ‘ಹತ್ತು ಸಲ ಬರೆದೆ ಸಾರ್’ ಎಂದು ಅತ್ತಾಗ, ‘ಹತ್ತು ಸಲವೂ ಒಂದೇ ತಪ್ಪು. ಹನ್ನೊಂದನೆಯ ಸಲ ಬೇರೆ ಏನು ಮಾಡುತ್ತೀಯ, ಅದನ್ನು ಹೇಳು’ ಎಂದಿದ್ದರು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ತರಗತಿಯ ಭಿನ್ನರಾಶಿಯಿಂದ ಹಿಡಿದರು. ಎಸೆಸೆಲ್ಸಿಯಲ್ಲಿ ಅವಳು ಗಣಿತದಲ್ಲಿ ಪಾಸಾದದ್ದು ಎರಡನೆಯ ಪ್ರಯತ್ನಕ್ಕೆ. ಇಂದು ಅವಳ ಅಂಗಡಿಯ ಲೆಕ್ಕವನ್ನು ಬೇರೆಯವರು ಮುಟ್ಟುವಂತಿಲ್ಲ.

ಎಷ್ಟೋ ವರ್ಷಗಳ ನಂತರ ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ತಮ್ಮ ಸಹೋದ್ಯೋಗಿಯೊಡನೆ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಐದನೆಯ ತರಗತಿಯ ಮಕ್ಕಳಿಗೆ ಒಗಟುಗಳನ್ನು ಕೊಟ್ಟು ಕೆಲವರ ಜಾಣತನವನ್ನೂ ಕೆಲವರ ಶ್ರಮವನ್ನೂ ಹೊಗಳಿದ್ದರು. ಜಾಣರೆನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ್ದನ್ನೇ ಆರಿಸಿಕೊಂಡರು. ಕಠಿಣ ಒಗಟಿನಲ್ಲಿ ಎಡವಿದ ಮೇಲೆ ಮೊದಲು ಬರುತ್ತಿದ್ದಂಥದ್ದರಲ್ಲೂ ಹಿಂದೆ ಬಿದ್ದರು. ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲಿದ್ದರು. ಓದುತ್ತಾ ನನ್ನ ಶಾಯಿ ಪೆನ್ನು ನೆನಪಾಯಿತು. ಪಿಯುಸಿಯಲ್ಲಿ ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಹೋದವಳು ಮೊದಲ ಭೌತಶಾಸ್ತ್ರ ಪರೀಕ್ಷೆಯಲ್ಲಿ ನೂರಕ್ಕೆ 19 ಪಡೆದು, ಮನೆಯಲ್ಲಿ ‘ಇನ್ನೂ ಪೇಪರ್ ಕೊಟ್ಟಿಲ್ಲ’ ಎಂದಿದ್ದೆ. ನಾಲ್ಕು ದಿನ ಬಿಟ್ಟು ಆ ಪೇಪರನ್ನು ಹೊರತೆಗೆದು, ಹಸಿರು ಪೆನ್ಸಿಲಿನಲ್ಲಿ ನಾನೇ ಸುತ್ತು ಹಾಕುತ್ತಾ ಹೋದೆ. ಅರ್ಧದಷ್ಟು ತಪ್ಪುಗಳು ಭೌತಶಾಸ್ತ್ರದವೇ ಅಲ್ಲ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ ಆದವು.

ಕಳೆದ ವರ್ಷ ಮೇಷ್ಟರ ಮನೆಗೆ ಹೋಗಿದ್ದೆ. ನಿವೃತ್ತರಾದ ಮೇಲೆ ಯಕ್ಷಗಾನದ ಮದ್ದಳೆ ಕಲಿಯುತ್ತಿದ್ದಾರೆ. ಕಲಿಸುವವನು ಇಪ್ಪತ್ತು ದಾಟಿರಬಹುದಾದ ಹುಡುಗ. ಗೋಡೆಯ ಎರಡನೆಯ ಗಾದೆ ನೆನಪಾಗಿ ನಗು ಬಂತು, ತಡೆದುಕೊಂಡೆ. ನಾನು ಚಾವಡಿಯಲ್ಲಿ ಕಾಫಿ ಕುಡಿಯುತ್ತಿದ್ದಂತೆ ಒಳಗೆ ತಾಳ ತಪ್ಪಿತು, ಮತ್ತೆ ತಪ್ಪಿತು. ಮೇಷ್ಟರು ಕೈ ನಿಲ್ಲಿಸಿ ಹುಡುಗನ ಮುಖ ನೋಡಿದರು.

‘ಎಲ್ಲಿಂದ?’ ಎಂದು ಕೇಳಿದರು.

ಹುಡುಗ ಬಾಯಲ್ಲಿ ತಾಳವನ್ನು ಹೇಳುತ್ತಾ ಬಂದು ಒಂದು ಕಡೆ ನಿಂತ. ‘ಇಲ್ಲಿಂದ, ಸಾರ್.’