ಗ್ಯಾಪ್ ಇರಲಿ, ತಾರೀಖು ತಾಳೆಯಾಗಲಿ

ಎರಡು ವರ್ಷದಲ್ಲಿ ಮೂರು ಕಂಪನಿ, ನಡುವೆ ಏಳು ತಿಂಗಳು ಖಾಲಿ. ಇಂಥ ರೆಸ್ಯೂಮೆ ಇದ್ದವರು ಗ್ಯಾಪ್ ಮುಚ್ಚೋಕೆ ಅಂತ ಒಂದು ತಾರೀಖನ್ನು ಹಿಂದಕ್ಕೆ, ಇನ್ನೊಂದನ್ನು ಮುಂದಕ್ಕೆ ಎಳೆದುಬಿಡುತ್ತಾರೆ. ನೇಮಕಾತಿ ಕಡತ ನೋಡುವವರಿಗೆ ಗ್ಯಾಪ್ ಹೊಸದೇನಲ್ಲ. ಆಫರ್ ಕೈಗೆ ಬಂದಮೇಲೆ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳಿಸುವುದು ಆ ಎಳೆದ ತಾರೀಖು.

ಅರ್ಜಿ ಹಾಕುವ ಮೊದಲು ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ಮೆಂಬರ್ ಪೋರ್ಟಲ್‌ಗೆ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರು) ಹಾಕಿ ಲಾಗಿನ್ ಆಗಿ, ವ್ಯೂ ಮೆನುವಿನಲ್ಲಿ ಸರ್ವಿಸ್ ಹಿಸ್ಟರಿ ತೆರೆಯಿರಿ. ಪಿಎಫ್ ಕಟ್ಟಿದ ಪ್ರತಿ ಕಂಪನಿಗೂ ಸೇರಿದ ದಿನ, ಬಿಟ್ಟ ದಿನ ಅಲ್ಲಿರುತ್ತೆ. ಪರಿಶೀಲನೆಯವರು ಕೇಳುವುದೂ ಇದೇ ಪುಟವನ್ನು. ರೆಸ್ಯೂಮೆ, ಕೆಲಸ ಬಿಟ್ಟಾಗ ಕಂಪನಿ ಕೊಡುವ ರಿಲೀವಿಂಗ್ ಲೆಟರ್, ನೌಕ್ರಿ ಡಾಟ್ ಕಾಮ್ ಪ್ರೊಫೈಲ್ ಮೂರನ್ನೂ ಇದರ ಪಕ್ಕ ಇಟ್ಟು ತಾಳೆ ನೋಡಿ.

ಹೆಚ್ಚಾಗಿ ಕಾಣುವ ತೊಡಕು, ಬಿಟ್ಟ ದಿನದ ಜಾಗ ಖಾಲಿ ಇರುವುದು. ಹಳೇ ಕಂಪನಿ ತುಂಬಿಲ್ಲ, ಹೊಸ ಕಂಪನಿಯ ಪಿಎಫ್ ಶುರುವಾಗಿದೆ. ಕಾಗದದ ಮೇಲೆ ನೀವು ಒಟ್ಟಿಗೆ ಎರಡು ಕಡೆ ದುಡಿದಂತೆ ಕಾಣುತ್ತೀರಿ. ಇದನ್ನು ನೀವೇ ಸರಿಮಾಡಬಹುದು. ಕೊನೆಯ ಪಿಎಫ್ ಜಮೆಯಾಗಿ ಎರಡು ತಿಂಗಳು ಕಳೆದಿರಬೇಕು. ಮ್ಯಾನೇಜ್ ಮೆನುವಿನಲ್ಲಿ ಮಾರ್ಕ್ ಎಕ್ಸಿಟ್ ಒತ್ತಿ, ಆ ಕಂಪನಿಯ ಖಾತೆ, ಬಿಟ್ಟ ದಿನ, ಕಾರಣ ಕೊಟ್ಟು, ಆಧಾರ್ ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಆಯಿತು. ದಿನ ಮಾತ್ರ ಕೊನೆಯ ಜಮೆ ಯಾವ ತಿಂಗಳದ್ದೋ ಆ ತಿಂಗಳೊಳಗೇ ಇರಬೇಕು. ಒಮ್ಮೆ ಹಾಕಿದ್ದನ್ನು ತಿದ್ದಿಸುವುದು ತಲೆನೋವು, ಹಾಗಾಗಿ ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ತುಂಬಿ.

ಇನ್ನೊಂದು, ಬೆಂಗಳೂರಿನಲ್ಲಿ ದಿನಾ ಕಾಣುವುದು: ಥರ್ಡ್ ಪಾರ್ಟಿ ಪೇರೋಲ್. ಕೂತು ಕೆಲಸ ಮಾಡಿದ್ದು ದೊಡ್ಡ ಬ್ಯಾಂಕಿನ ಆಫೀಸಿನಲ್ಲಿ, ಸಂಬಳ ಕೊಟ್ಟಿದ್ದು ಇನ್ಯಾವುದೋ ಸ್ಟಾಫಿಂಗ್ ಕಂಪನಿ. ರೆಸ್ಯೂಮೆಯಲ್ಲಿ ಬ್ಯಾಂಕಿನ ಹೆಸರೊಂದೇ ಇದ್ದರೆ, ಪರಿಶೀಲನೆಯವರು ಫೋನ್ ಮಾಡಿದಾಗ ಬ್ಯಾಂಕಿನವರು ‘ಇಂಥವರು ನಮ್ಮ ನೌಕರರಲ್ಲ’ ಅಂತಾರೆ. ಅದು ನಿಜವೂ ಹೌದು. ಹೀಗೆ ಬರೆಯಿರಿ:

‘ಮಾರ್ಚ್ 2022 – ಆಗಸ್ಟ್ 2023: ಕಸ್ಟಮರ್ ಸಪೋರ್ಟ್. ಪೇರೋಲ್: ಇಂಥ ಕಂಪನಿ. ಕ್ಲೈಂಟ್: ಇಂಥ ಬ್ಯಾಂಕ್. ಮೂರು ಪ್ರಾಜೆಕ್ಟ್.’

ಒಂದೇ ಪೇರೋಲಿನಲ್ಲಿ ಮಾಡಿದ ನಾಲ್ಕೈದು ತಿಂಗಳ ತುಂಡು ಕೆಲಸಗಳೆಲ್ಲ ಹೀಗೆ ಒಂದು ಸಾಲಿಗೆ ಬರುತ್ತವೆ. ಕಂಪನಿ ಹಾರಿದಂತೆ ಕಾಣುತ್ತಿದ್ದ ರೆಸ್ಯೂಮೆ ಸುಳ್ಳಿಲ್ಲದೆಯೇ ಗಟ್ಟಿಯಾಗುತ್ತೆ.

ಇಪ್ಪತ್ತು ಜನಕ್ಕಿಂತ ಕಡಿಮೆ ಇರುವ ಕಂಪನಿಗೆ ಪಿಎಫ್ ಕಡ್ಡಾಯವಲ್ಲ. ಅಲ್ಲಿ ದುಡಿದಿದ್ದರೆ ನೇಮಕಾತಿ ಪತ್ರ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದಲ್ಲೇ ತೆರಿಗೆ (ಟಿಡಿಎಸ್) ಹಿಡಿದಿದ್ದರೆ ಅದನ್ನು ತೋರಿಸುವ ಫಾರ್ಮ್ 26ಎಎಸ್ ಜೋಡಿಸಿಡಿ. ಸಂಬಳ ನಗದಾಗಿ ಬಂದಿದ್ದರೆ ಮಾಲೀಕರಿಂದ ಲೆಟರ್‌ಹೆಡ್ ಮೇಲೆ ಪತ್ರ ಬೇಕು, ಮತ್ತು ಅದರಲ್ಲಿನ ನಂಬರಿಗೆ ಫೋನ್ ಮಾಡಿದರೆ ಯಾರಾದರೂ ಎತ್ತಬೇಕು. ದುಡ್ಡು ಕೊಟ್ಟು ಕನ್ಸಲ್ಟೆನ್ಸಿಯಿಂದ ಅನುಭವ ಪತ್ರ ತರುವ ದಾರಿ ಮಾತ್ರ ಬೇಡವೇ ಬೇಡ. ಪತ್ರ ಕೊಡುವವರು ಹಿಂದಿನ ತಾರೀಖಿಗೆ ನಿಮ್ಮ ಬ್ಯಾಂಕ್ ಖಾತೆಗೆ ಸಂಬಳ ಹಾಕಲಾರರು.

ಗ್ಯಾಪ್‌ಗೂ ರೆಸ್ಯೂಮೆಯಲ್ಲಿ ಒಂದು ಸಾಲು ಕೊಡಿ: ‘ಸೆಪ್ಟೆಂಬರ್ 2023 – ಮಾರ್ಚ್ 2024: ಊರಿನಲ್ಲಿ ತಂದೆಯ ಆರೈಕೆ. ಜೊತೆಗೆ ಎಕ್ಸೆಲ್ ಪಿವೋಟ್ ಟೇಬಲ್, ಪವರ್ ಕ್ವೆರಿ ಕಲಿಕೆ.’ ಕಲಿತೆ ಅಂತ ಬರೆದರೆ ಮಾಡಿದ ಒಂದು ಫೈಲ್ ಲ್ಯಾಪ್‌ಟಾಪಿನಲ್ಲಿ ಇರಲಿ. ತೆರೆದು ತೋರಿಸಿ ಅಂತ ಕೇಳುವವರಿದ್ದಾರೆ.

ಸಂದರ್ಶನದಲ್ಲಿ ಇದಕ್ಕೆ ಅರ್ಧ ನಿಮಿಷ ಸಾಕು. ‘ಅಪ್ಪನಿಗೆ ಆಪರೇಷನ್ ಆಗಿತ್ತು ಸರ್, ಏಳು ತಿಂಗಳು ಊರಲ್ಲಿದ್ದೆ. ಈಗ ಅಣ್ಣ ನೋಡ್ಕೊಳ್ತಾನೆ, ನೈಟ್ ಶಿಫ್ಟ್ ಆದ್ರೂ ಬರ್ತೀನಿ.’ ಕೇಳುವವರ ಕಿವಿ ಇರುವುದು ಎರಡನೇ ವಾಕ್ಯದ ಮೇಲೆ: ಇನ್ನೊಮ್ಮೆ ಹೀಗೇ ಹೊರಟುಬಿಡುತ್ತಾರಾ ಅನ್ನುವುದಷ್ಟೇ ಅವರ ಅನುಮಾನ. ಆಸ್ಪತ್ರೆಯ ವಿವರ, ಹಳೇ ಮ್ಯಾನೇಜರ್ ಮೇಲಿನ ಸಿಟ್ಟು ಬಿಚ್ಚಿಟ್ಟರೆ ಆ ಅನುಮಾನ ಬೆಳೆಯುತ್ತೆ.

ಹೇಳದೆ ಕೇಳದೆ ಕೆಲಸ ಬಿಟ್ಟು, ರಿಲೀವಿಂಗ್ ಲೆಟರ್ ಇಲ್ಲದವರು ಹಳೇ ಕಂಪನಿಯ ಎಚ್‌ಆರ್‌ಗೆ ಇವತ್ತೇ ಮೇಲ್ ಬರೆಯಿರಿ: ಎಂಪ್ಲಾಯಿ ಐಡಿ, ಕೊನೆಯ ದಿನ, ನೋಟಿಸ್ ಅವಧಿಯ ಬಾಕಿ ಎಷ್ಟು ಅನ್ನುವ ಪ್ರಶ್ನೆ. ಬಾಕಿ ಕಟ್ಟಿದರೆ ಪತ್ರ ಕೊಡುವ ಕಂಪನಿಗಳಿವೆ. ಉತ್ತರ ಬಾರದಿದ್ದರೆ ಹದಿನೈದು ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಹಾಕಿ, ಇಡೀ ಮೇಲ್ ಸರಣಿಯ ಪಿಡಿಎಫ್ ತೆಗೆದಿಟ್ಟುಕೊಳ್ಳಿ. ಪರಿಶೀಲನೆಯವರು ಪತ್ರ ಕೇಳಿದ ದಿನ, ಸ್ಯಾಲರಿ ಸ್ಲಿಪ್ ಜೊತೆ ಅದನ್ನೇ ಕಳಿಸಿ.