ಬೀದರಿಗೆ ಬಂದ ದಾರಿ

ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ ಕುದುರೆಯೊಂದನ್ನು ಮಾರಲೆಂದು ತಂದು, 1469ರ ಸುಮಾರಿಗೆ ನಮ್ಮ ಬೀದರನ್ನು ಮುಟ್ಟಿದ. ಬರುವಾಗ ಕಂಡ ಊರುಗಳನ್ನೆಲ್ಲ ಸಾಲಾಗಿ ಬರೆದಿಟ್ಟಿದ್ದಾನೆ. ಇರಾನಿನ ಕಾಶಾನ್, ನಾಯಿನ್, ಯಜ್ದ್, ಸೀರ್ಜಾನ್, ತಾರೋಮ್, ಲಾರ್, ಕೊನೆಗೆ ಹೋರ್ಮುಜ್. ಅಲ್ಲಿಂದಾಚೆ ಹಡಗು, ಚೌಲ್, ಜುನ್ನರ್, ಬೀದರ್. ನಮ್ಮೂರಿನ ಕೋಟೆಯ ನೆರಳಿನಲ್ಲಿ ಆಡಿ ಬೆಳೆದವನಿಗೆ ಈ ಹೆಸರುಗಳು ಬರಿಯ ಭೂಗೋಳವಾಗಿ ಕೇಳಿಸುವುದಿಲ್ಲ. ಬಹಮನಿ ದರ್ಬಾರಿನ ಅರ್ಧಕ್ಕರ್ಧ ಮಂದಿ, ಅವರ ಕುದುರೆ, ಅವರ ಹೆಂಚಿನ ನೀಲಿ, ಅವರ ಗುರುಗಳು, ಎಲ್ಲವೂ ಆ ಕಡೆಯಿಂದ ಬಂದದ್ದೇ. ಹಾಗಾಗಿ ಯಜ್ದ್ ತಲುಪಿದ ಮೇಲೆ ಕೆರ್ಮಾನ್‌ಗೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಲು ಮನಸ್ಸಾಗಲಿಲ್ಲ. ಕಾರು ಮಾಡಿಕೊಂಡು ನಸುಕಿನಲ್ಲಿ ಹೊರಟೆ. ಕತ್ತಲಾಗುವುದರೊಳಗೆ ಕೆರ್ಮಾನ್ ದಾಟಿ ಮಾಹಾನ್ ಸೇರಬೇಕೆಂದು ಎಣಿಕೆ.

ಚಾಲಕ ಅರವತ್ತು ದಾಟಿದ ಹಿರಿಯರು. ನನ್ನ ಬೀದರಿನ ಉರ್ದು, ಅವರ ಪಾರ್ಸಿ, ಎರಡೂ ಸೋತಲ್ಲಿ ಮೊಬೈಲಿನ ಅನುವಾದ. ನಾನು ಅವರನ್ನು 'ಆಗಾ', ಎಂದರೆ ಅಯ್ಯಾ, ಎಂದು ಕರೆದೆ, ಅವರೂ ನನ್ನನ್ನು ಹಾಗೆಯೇ ಕರೆದರು.

ಊರು ದಾಟುತ್ತಿದ್ದಂತೆ ಬಲಗಡೆ ಶೀರ್‌ಕೂಹ್ ಬೆಟ್ಟಸಾಲು ಎದ್ದಿತು. ನಾಲ್ಕು ಸಾವಿರ ಮೀಟರಿಗೂ ಎತ್ತರ. ಅದರ ಬುಡದಿಂದ ಬಯಲಿಗೆ ಇಳಿದು ಬರುವ ಮಣ್ಣಿನ ಗುಪ್ಪೆಗಳ ಸಾಲನ್ನು ಆಗಾ ತೋರಿಸಿದರು. ದೂರದಿಂದ ನೋಡಿದರೆ ದೈತ್ಯ ಇರುವೆಗಳು ಗೂಡು ತೋಡಿಕೊಂಡು ಹೋದಂತಿದೆ. ಪ್ರತಿ ಗುಪ್ಪೆಯ ನಡುವೆ ಒಂದು ಬಾವಿಯ ಬಾಯಿ. ಕೆಳಗೆ ಆ ಬಾವಿಗಳನ್ನೆಲ್ಲ ಪೋಣಿಸುವ ಸುರಂಗ. ಇದೇ ಕನಾತ್. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ಅಲ್ಲಿ ಸಿಕ್ಕ ಅಂತರ್ಜಲವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ ಮೈಲುಗಟ್ಟಲೆ ಒಯ್ದು ಊರಿನ ಬಾಗಿಲಲ್ಲಿ ಬೆಳಕಿಗೆ ತರುತ್ತಾರೆ. ಎತ್ತು ಬೇಡ, ಏತ ಬೇಡ, ವಿದ್ಯುತ್ತು ಬೇಡ. ಯಜ್ದ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 50-60 ಮಿಲಿಮೀಟರ್. ಬೀದರಿನಲ್ಲಿ ಒಂದು ಜೋರು ಮಳೆಗೇ ಅಷ್ಟು ಸುರಿದುಬಿಡುತ್ತದೆ. ಅಂಥ ನೆಲದಲ್ಲಿ ಊರು ಕಟ್ಟಿದರು, ದಾಳಿಂಬೆ ಬೆಳೆದರು, ದಾರಿಹೋಕರಿಗೆ ನೀರು ಕೊಟ್ಟರು.

ಆಗಾ ಅವರ ತಾತ ಮುಕನ್ನಿ, ಎಂದರೆ ಕನಾತ್ ತೋಡುವವರು. ಬಿಳಿ ಬಟ್ಟೆ ತೊಟ್ಟೇ ಬಾವಿಗೆ ಇಳಿಯುತ್ತಿದ್ದರಂತೆ. ಸುರಂಗ ಕುಸಿದರೆ ಅದೇ ಹೆಣಕ್ಕೆ ಹೊದಿಸುವ ಕಫನ್ ಆಗಲಿ ಎಂದು. ಸ್ಟಿಯರಿಂಗ್ ಹಿಡಿದುಕೊಂಡೇ ಅವರು ಇದನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ನನಗೆ ಏನೂ ಕೇಳಲು ತೋಚಲಿಲ್ಲ.

ಸರ್‌ಯಜ್ದ್ ಹಳ್ಳಿಯಲ್ಲಿ ನಿಲ್ಲಿಸಿದೆವು. ಅಲ್ಲಿನ ಮಣ್ಣಿನ ಕೋಟೆ ಅರಸರ ವಾಸಕ್ಕೆ ಕಟ್ಟಿದ್ದಲ್ಲ, ರೈತರ ಭಂಡಾರ. ಸುತ್ತ ಕಂದಕ, ಒಂದರೊಳಗೊಂದು ಎರಡು ಗೋಡೆ, ಒಳಗೆ ಅಂತಸ್ತಿನ ಮೇಲೆ ಅಂತಸ್ತಾಗಿ ನೂರಾರು ಪುಟ್ಟ ಕೋಣೆಗಳು. ಊರಿನವರು ಕಾಳುಕಡಿ, ಒಡವೆ ವಸ್ತುಗಳನ್ನು ಇಲ್ಲಿಟ್ಟು, ದಾಳಿಯ ಕಾಲಕ್ಕೆ ತಾವೂ ಒಳಸೇರುತ್ತಿದ್ದರು. ಒಂದು ಕೋಣೆಗೆ ತಲೆ ಬಗ್ಗಿಸಿ ಹೋದೆ. ಕೈಚಾಚಿದರೆ ಎರಡು ಗೋಡೆಯೂ ಸಿಗುವಷ್ಟು ಜಾಗ, ಗೋಡೆಯಲ್ಲಿ ಹುಗಿದ ಹಗೇವಿನ ಗುರುತು. ಪರ್ಷಿಯಾ ಎಂದರೆ ಪರ್ಸೆಪೊಲಿಸ್‌ನ ಕಂಬ, ಇಸ್ಫಹಾನಿನ ಗುಮ್ಮಟ ಎನ್ನುತ್ತೇವೆ. ನನಗಾದರೋ ಒಂದು ಒಕ್ಕಲು ತನ್ನ ವರ್ಷದ ಗೋಧಿಯನ್ನು ಬಚ್ಚಿಟ್ಟ ಈ ಗೂಡು ಅವೆಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಹಸಿ ಇಟ್ಟಿಗೆ, ಮೇಲೆ ಮಣ್ಣಿಗೆ ಹುಲ್ಲು ಕಲಸಿದ ಗಿಲಾವು. ಈ ಗಿಲಾವನ್ನು ಆಗಾಗ ಹೊಸದಾಗಿ ಬಳಿಯುತ್ತಲೇ ಇರಬೇಕು. ಜನ ಊರು ಬಿಟ್ಟರೆ ಮೊದಲು ಮಾಳಿಗೆ ಸೋರುತ್ತದೆ, ನಂತರ ಗೋಡೆಯ ತಲೆ ಕರಗುತ್ತದೆ. ಸುತ್ತಮುತ್ತ ಅರೆಕರಗಿದ ಮನೆಗಳು ಬೇಕಾದಷ್ಟಿವೆ. ಯಾವ ಸೇನೆಯೂ ಅವನ್ನು ಕೆಡವಿಲ್ಲ.

ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರಿಗೆ ಜೈನ್-ಒ-ದೀನ್ ಸರಾಯಿ, ವ್ಯಾಪಾರಿಗಳೂ ಅವರ ಒಂಟೆಗಳೂ ತಂಗುತ್ತಿದ್ದ ಛತ್ರ. ಒಂಟೆಗಳ ಸಾಲು ಒಂದು ದಿನಕ್ಕೆ ನಡೆಯುವುದು ಹೆಚ್ಚುಕಡಿಮೆ ಅಷ್ಟೇ. ಪ್ರಾಚೀನ ಪರ್ಷಿಯಾದ ಅಕೆಮೆನಿಡ್ ಅರಸರ ರಾಜಮಾರ್ಗದಲ್ಲಿ ಸಾರ್ಡಿಸ್‌ನಿಂದ ಸೂಸಾವರೆಗೆ 111 ತಂಗುದಾಣಗಳಿದ್ದವೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಎಣಿಸಿಟ್ಟಿದ್ದಾನೆ. ಎರಡು ಸಾವಿರ ವರ್ಷ ಕಳೆದು ಸಫವಿ ಅರಸರ ಕಾಲ ಬಂದರೂ ಲೆಕ್ಕ ಅದೇ: ಪ್ರಾಣಿಯ ಕಾಲು ಎಲ್ಲಿ ಸೋಲುತ್ತದೋ ಅಲ್ಲಿ ನೀರು, ಗೋಡೆ, ಬಾಗಿಲು. ಮೊದಲನೆಯ ಶಾ ಅಬ್ಬಾಸನ ಕಾಲದಲ್ಲಿ ಕೆರ್ಮಾನಿನ ಅಧಿಪತಿ ಗಂಜ್ ಅಲಿ ಖಾನ್ ಕಟ್ಟಿಸಿದ ಈ ಸರಾಯಿ ಅಪರೂಪಕ್ಕೆ ದುಂಡಗಿದೆ, ಗೋಡೆಗೆ ಒತ್ತಿಕೊಂಡು ಅರೆದುಂಡು ಬುರುಜುಗಳು. ಒಂದೇ ಹೆಬ್ಬಾಗಿಲು, ಅಂಗಳದ ಸುತ್ತ ಎತ್ತರಿಸಿದ ಜಗಲಿ. ಒಂಟೆಯ ಬೆನ್ನಿನ ಹೊರೆಯನ್ನು ನೇರವಾಗಿ ಜಗಲಿಗೆ ಜಾರಿಸಬಹುದು. ಈಗ ದುರಸ್ತಿಯಾಗಿ ಪ್ರವಾಸಿಗರಿಗೆ ತಂಗಲು ಕೊಡುತ್ತಾರೆ. ಇರಾನಿನ ಇಂಥ 54 ಸರಾಯಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಚಹಾ ಕುಡಿದು ಮಾಳಿಗೆ ಹತ್ತಿದೆ. ನಾಲ್ಕೂ ದಿಕ್ಕಿಗೆ ಬೂದು ಬಣ್ಣದ ಬಯಲು, ಹೆದ್ದಾರಿಯಲ್ಲಿ ಲಾರಿಗಳು. ಕತ್ತಲೆಗೆ ಮುಂಚೆ ಈ ಬಾಗಿಲು ಕಣ್ಣಿಗೆ ಬೀಳದಿದ್ದರೆ ಅಂದಿನ ವ್ಯಾಪಾರಿಗೆ ಏನಾಗುತ್ತಿತ್ತೆಂದು ಅಲ್ಲಿ ನಿಂತಾಗಲೇ ತಿಳಿಯುವುದು.

ಅನಾರ್, ರಫ್ಸಂಜಾನ್ ಪಿಸ್ತಾ ನಾಡು. ಕಣಗಳಲ್ಲಿ ಹೊಸ ಪಿಸ್ತಾ ಹರಡಿದ್ದರು. ಈ ತೋಟಗಳಿಗಾಗಿ ಆಳ ಕೊಳವೆಬಾವಿಗಳು ದಶಕಗಳಿಂದ ನೀರೆಳೆದು, ಬಯಲಿನ ನೆಲವೇ ಕುಸಿಯುತ್ತಿದೆ. ಎಷ್ಟೋ ಕನಾತ್‌ಗಳು ಬತ್ತಿವೆ. ಗುಪ್ಪೆಗಳ ಸಾಲು ಇಲ್ಲಿಯೂ ಕಂಡಿತು, ಆದರೆ ಆಗಾ ಕಾರು ನಿಲ್ಲಿಸಲಿಲ್ಲ. ಕೈಯಾಡಿಸಿ 'ಖುಷ್ಕ್', ಒಣಗಿದೆ, ಎಂದರು ಅಷ್ಟೇ. ಉರ್ದು ಬಲ್ಲವನಿಗೆ ಅದಕ್ಕೆ ಅನುವಾದ ಬೇಕಿರಲಿಲ್ಲ.

ಕೆರ್ಮಾನಿನಲ್ಲಿ ಊಟ ಮುಗಿಸಿ ಮಾಹಾನ್ ತಲುಪುವಾಗ ಬಿಸಿಲು ಇಳಿದಿತ್ತು. ಶಾ ನೇಮತುಲ್ಲಾ ವಲಿಯ ದರ್ಗಾ. ಅಂಗಳದ ಕೊಳದ ಎರಡೂ ಕಡೆ ಸರ್ವೆ ಮರಗಳು, ಅದರಾಚೆ ನೀಲಿ ಗುಮ್ಮಟ. ಈ ಸಂತ ತೀರಿಕೊಂಡದ್ದು 1431ರಲ್ಲಿ. 1436ರಲ್ಲಿ ಗುಮ್ಮಟ ಕಟ್ಟಿಸಿದವನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ನಮ್ಮ ಸುಲ್ತಾನ ಅಹಮದ್ ಶಾ ವಲಿ. ಗುರುವನ್ನು ಅವನು ಒಮ್ಮೆಯೂ ನೋಡಿದವನಲ್ಲ. ಬನ್ನಿ ಎಂದು ಕರೆಕಳುಹಿಸಿದಾಗ ಗುರು ಹನ್ನೆರಡು ಮಡಿಕೆಯ ಹಸಿರು ಟೋಪಿಯನ್ನು ಕಳಿಸಿದರು, ಮೊಮ್ಮಗನನ್ನು ಕಳಿಸಿದರು. ಗುರು ತೀರಿದ ಮೇಲೆ ಅವರ ಮಗ ಖಲೀಲುಲ್ಲಾ ತಾವೇ ಬೀದರಿಗೆ ಬಂದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿ ಅವರದೇ ಸಮಾಧಿ. ಬಾಲ್ಯದಿಂದ ನೋಡಿದ ಆ ಎಂಟು ಮೂಲೆಯ ಕಟ್ಟಡದ ತಾಯಿಬೇರು ಈ ಅಂಗಳದಲ್ಲಿದೆಯೆಂದು ಕಾಣುವಾಗ ನನ್ನ ಕಣ್ಣು ತುಂಬಿತು.

ಅಷ್ಟೂರಿನಲ್ಲಿರುವ ಸುಲ್ತಾನನ ಗೋರಿಗೆ ಲಿಂಗಾಯತರೂ ನಡೆದುಕೊಳ್ಳುತ್ತಾರೆ, ಅವನನ್ನು ಅಲ್ಲಮಪ್ರಭು ಎಂದೇ ಭಾವಿಸುತ್ತಾರೆ, ಜಾತ್ರೆಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ ಎಂದು ಆಗಾ ಅವರಿಗೆ ವಿವರಿಸಿದೆ. ಅವರು ಆಸಕ್ತಿಯಿಂದ ಕೇಳಿದರು. ಆದರೆ ಅವರ ಮನಸ್ಸು ಹಿಡಿದದ್ದು ಇನ್ನೊಂದು ಮಾತನ್ನು. ಇರಾನಿನ ಕಡೆಯಿಂದ ಬಂದ ಜನ ಬೀದರಿನ ಪಕ್ಕದ ನಮ್ಮ ನೌಬಾದಿನ ಜಂಬಿಟ್ಟಿಗೆ ನೆಲದಲ್ಲೂ ಕನಾತ್ ತೋಡಿಸಿದ್ದಾರೆ, ನಾವು ಅದನ್ನು ಕರೇಜ್ ಎನ್ನುತ್ತೇವೆ ಎಂದಾಗ ಅವರು ಸರ್ವೆ ಮರದ ಕೆಳಗೆ ಕುಳಿತೇಬಿಟ್ಟರು. ನೀರು ಹರಿಯುತ್ತದೆಯೇ ಎಂದು ಕೇಳಿದರು. ಕೆಲವು ವರ್ಷಗಳ ಹಿಂದೆ ಹೂಳೆತ್ತಿದ್ದಾರೆ, ಒಳಗೆ ನೀರು ಕಂಡಿದೆ, ಆದರೆ ಕೆಲವು ಬಾವಿಬಾಯಿಗಳ ಮೇಲೆ ಕಟ್ಟಡ ಬಂದಿದೆ, ಕೆಲವಕ್ಕೆ ಕಸ ಸುರಿದಿದ್ದಾರೆ ಎಂದು ಇದ್ದದ್ದನ್ನು ಹೇಳಿದೆ.

ತಾಯಿಬಾವಿಯ ಸುತ್ತ ಹರೀಮ್ ಗುರುತಿಸಿದ್ದಾರೆಯೇ ಎಂಬುದು ಅವರ ಮುಂದಿನ ಪ್ರಶ್ನೆ. ಕನಾತ್ ಇದ್ದಲ್ಲಿ ಇಷ್ಟು ದೂರದವರೆಗೆ ಬೇರೆ ಯಾರೂ ಬಾವಿ ತೋಡಬಾರದೆಂಬ ಕಟ್ಟಳೆ ಅದು. ನಮ್ಮಲ್ಲಿ ಕೊಳವೆಬಾವಿಗಳು ಊರ ತುಂಬ ಇವೆ ಎಂದೆ. ಆಗಾ ನನ್ನ ನೋಟ್‌ಬುಕ್ ಕೇಳಿ ಪಡೆದು, ಬೆಟ್ಟ, ತಾಯಿಬಾವಿ, ಸುರಂಗ, ಊರು ಎಂದು ಗೆರೆ ಎಳೆದರು. ತಾಯಿಬಾವಿಯ ಸುತ್ತ ದೊಡ್ಡದೊಂದು ವೃತ್ತ ಬರೆದು, ಮೊದಲು ಇಲ್ಲಿಯ ಪಂಪುಗಳನ್ನು ನಿಲ್ಲಿಸಿ, ಕಸ ಆಮೇಲೆ ತೆಗೆಯಬಹುದು, ಇದನ್ನು ನಿಮ್ಮ ಅಧಿಕಾರಿಗಳಿಗೆ ತೋರಿಸಿ ಎಂದರು.